ಎಡಬಾಗಿಲಿನ ಗೀರು

ಮಾರ್ಚ್ ೩, ಸೋಮವಾರ

ಇವರು ಹೇಳಿದರು ಅಂತ ಬರೆಯಲು ಕೂತಿದ್ದೇನೆ. "ನಿನಗೆ ಅನ್ನಿಸಿದ್ದನ್ನೆಲ್ಲ ಬಾಯಲ್ಲೇ ಆಡಬೇಡ ಕಣೇ, ಸ್ವಲ್ಪ ಪುಸ್ತಕಕ್ಕೂ ಹಾಕು" ಎಂದು ನನ್ನ ಗಂಡ, ನಾನು ಕೆಲಸ ಮಾಡುವ ಆಸ್ಪತ್ರೆಯವರು ಕೊಟ್ಟಿದ್ದ ಈ ಡೈರಿಯನ್ನು ಕೈಗಿಟ್ಟರು. ನನ್ನ ಬಾಯಿಗೆ ಬೀಗ ಹಾಕುವುದಕ್ಕೆ ಮೂವತ್ತು ವರ್ಷದಲ್ಲಿ ಅವರಿಗೆ ಹೊಳೆದ ಮೊದಲ ಉಪಾಯ ಇದು. ನೋಡೋಣ.

ಇವತ್ತು ಮನೆಯಲ್ಲಿ ಸಭೆ. ಕೆಳಗಿನ ಮನೆ ನಮ್ಮದು, ಮೇಲಿನದು ಮೈದುನನದು. ಮೆಟ್ಟಿಲು ಒಂದೇ, ಗೇಟು ಒಂದೇ, ಕಾರು ಮಾತ್ರ ಎರಡು, ಎರಡೂ ಮುದಿ. ನಮ್ಮದಕ್ಕೆ ಗೇರು ಹಾಕಿದರೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ. ಅವರದರಲ್ಲಿ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ, ಹೊರಗಿನವರು ಬಂದು ಬಿಡಿಸಬೇಕು. ಎರಡನ್ನೂ ಮಾರಿ, ಎರಡು ಮನೆಗೂ ಸೇರಿ ಒಂದು ಒಳ್ಳೆಯ ಕಾರು ಕೊಳ್ಳುವುದು ಎಂದು ಎಲ್ಲರೂ ಒಪ್ಪಿದರು. ಯಾವ ಕಾರು ಎನ್ನುವಲ್ಲಿ ಶುರುವಾಯಿತು ನೋಡಿ.

ಮೈದುನನಿಗೆ ಏಳು ಸೀಟು ಬೇಕಂತೆ. ಅವನು ಕಾರ್ಖಾನೆಗೆ ಕಂಪನಿ ಬಸ್ಸಲ್ಲಿ ಹೋಗುವವನು, ಕಾರು ಮುಟ್ಟುವುದು ಭಾನುವಾರ ಮಾತ್ರ. ಅತ್ತೆಗೆ ಎಂಬತ್ತೆರಡು. "ಒಳಗೆ ಹೋಗೋಕೆ ನಾನು ಸಾಷ್ಟಾಂಗ ಹಾಕ್ಬೇಕಾದಂಥ ಕಾರು ಬೇಡಪ್ಪ" ಎಂದರು. ಓರಗಿತ್ತಿ ಫಿಸಿಯೋಥೆರಪಿ ಮಾಡುವವಳು, ಮನೆಮನೆಗೆ ಹೋಗಿ ಬಿದ್ದವರನ್ನು ನಡೆಸುತ್ತಾಳೆ. "ಚಿಕ್ಕದು ಸಾಕು ಅಕ್ಕ. ನನ್ನ ರೋಗಿಗಳು ಇರೋದೆಲ್ಲ ಓಣಿಗಳಲ್ಲಿ. ದುಡ್ಡೂ ಉಳಿಯುತ್ತೆ" ಎಂದಳು.

ನಾನು ಹೇಳಿದ್ದು ಒಂದೇ ಮಾತು: ಭದ್ರತೆ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ರಕ್ತ ನೋಡುತ್ತಿದ್ದೇನೆ. ಅಪಘಾತದ ಕೇಸು ಬಂದಾಗ ನಾನು ವಾರ್ಡಿಗೆ ಫೋನು ಮಾಡಿ ಯಾವ ಕಾರು, ಬೆಲ್ಟ್ ಹಾಕಿದ್ದರಾ, ಎಲ್ಲಿ ಕೂತಿದ್ದರು ಎಂದು ಕೇಳುತ್ತೇನೆ. ನರ್ಸುಗಳು ನನಗೆ ಕಾರ್ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟಿದ್ದಾರೆ. ಅವರಿಗೆ ನಗು. ರಕ್ತದ ಟ್ಯೂಬಿನ ಮೇಲೆ ವಯಸ್ಸು ನಾಲ್ಕು, ಆರು ಅಂತ ಬರೆದಿರುವುದನ್ನು ಓದುವವಳು ನಾನು. ನಮ್ಮ ಬಟಾಣಿಗೆ ಏಳು ವರ್ಷ. ಮೈದುನನ ಮಗಳು ಅಂತ ಹೆಸರಿಗೆ, ಬೆಳೆದದ್ದು ನನ್ನ ಮಡಿಲಲ್ಲಿ.

ಕೊನೆಗೆ ನಾನು ಹೇಳಿದ್ದೇ ಆಯಿತು.

ಮಾರ್ಚ್ ೯, ಭಾನುವಾರ

ಶೋರೂಮಿಗೆ ಇಡೀ ಸಂಸಾರ. ಅತ್ತೆ ಎಲ್ಲ ಕಾರುಗಳಲ್ಲೂ ಕೂತು ಎದ್ದರು, ಮದುವೆ ಮನೆಯಲ್ಲಿ ಕುರ್ಚಿ ಹುಡುಕುವವರ ಹಾಗೆ. ಮೂರನೆಯದರಲ್ಲಿ ಕೂತವರು ಏಳಲಿಲ್ಲ. ಅದೃಷ್ಟಕ್ಕೆ ನಾನು ಗುರುತು ಹಾಕಿಕೊಂಡಿದ್ದ ಕಾರೂ ಅದೇ: ಐದು ಸೀಟು, ಸುತ್ತಲೂ ಗಾಳಿಚೀಲ, ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಬಟಾಣಿ ಗೋಡೆಯ ಚಿತ್ರದಲ್ಲಿ ಗಾಳಿಚೀಲಗಳನ್ನು ಎಣಿಸಿ ಆರು ಎಂದಳು.

ಮಾರುವವನು ಪಕ್ಕದ ಕನ್ನಡಿ ತೋರಿಸಿದ. "ಮೇಡಂ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ಏನಾದ್ರೂ ಹತ್ತಿರ ಬಂದ್ರೆ ಇಲ್ಲಿ ದೀಪ ಹತ್ತುತ್ತೆ, ಬೀಪ್ ಅಂತ ಕೂಗುತ್ತೆ."

"ಇದು ನಮ್ಮ ಓರಗಿತ್ತಿಗೇ ಮಾಡಿಸಿದ್ದು" ಎಂದೆ. ಎಲ್ಲರೂ ನಕ್ಕರು. ಹನ್ನೊಂದು ವರ್ಷದ ಹಿಂದೆ, ಕಲಿಯುವಾಗ, ಅವಳು ಕಾರನ್ನು ಹಿಂದಕ್ಕೆ ತೆಗೆದು ಕಾಂಪೌಂಡು ಗೋಡೆ ಕೆಡವಿದ್ದಳು. ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ನಾನು ಓಡಿಸಿ ನೋಡಿದೆ. ಬೆಣ್ಣೆ. ತಿರುಗಿ ಬಂದು ಎರಡು ಕಾರುಗಳ ನಡುವೆ ಒಂದೇ ಸಲಕ್ಕೆ ಹಿಮ್ಮುಖ ನಿಲ್ಲಿಸಿದೆ. ಮಾರುವವನು ಬಾಯಿ ತೆರೆದ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಯಾವ ಕಾರಿಗೂ ಒಂದು ಗೀರು ಬಿದ್ದಿಲ್ಲ.

ಓರಗಿತ್ತಿ ಮಾತ್ರ "ಅಗಲ ಜಾಸ್ತಿ ಆಯ್ತೇನೋ" ಎಂದು ಗೊಣಗಿದಳು. ಅಗಲ ಆದದ್ದು ಕಾರಲ್ಲ, ಅವಳ ಹೆದರಿಕೆ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ತಲೆಯ ಹಿಂಭಾಗ ಹಿಡಿದುಕೊಂಡ ಹಾಗೆ ನೋವು, ಎರಡು ಸಲ ವಾಂತಿ. ಕ್ಯಾಂಟೀನಿನ ಹಳಸಲು ತಿಂದದ್ದರ ಫಲ. ರಜೆ ಹಾಕಿ ಮಲಗಿದೆ. ಸಂಜೆಗೆ ಸರಿಹೋಯಿತು.

ಮಾರ್ಚ್ ೨೦, ಗುರುವಾರ

ಕಾರು ಬಂತು. ಬೂದು ಬಣ್ಣ.

ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿದೆ. ಸೋಮ, ಬುಧ, ಶುಕ್ರ ನನ್ನದು. ಮಂಗಳ, ಗುರು, ಶನಿ ಓರಗಿತ್ತಿಯದು. ಭಾನುವಾರ ಮೈದುನನದು, ಅವನು ಏಳುವುದಾದರೆ. ನಿಯಮಗಳು: ಒಳಗೆ ತಿನ್ನಬಾರದು. ಬೀಗದ ಕೈ ಬಾಗಿಲ ಪಕ್ಕದ ಬಟ್ಟಲಲ್ಲೇ ಇರಬೇಕು. ಬಟಾಣಿ ಹಿಂದಿನ ಸೀಟಲ್ಲೇ, ಬೆಲ್ಟಿನಲ್ಲೇ. ಇವರು ಓದಿ, "ಕಾರಿಗೆ ಸಂವಿಧಾನ" ಎಂದರು. ಇವರಿಗೆ ಕಾರು ಓಡಿಸಲು ಬಾರದು, ಪಕ್ಕದಲ್ಲಿ ಕೂತು ಪೇಪರು ಓದಲು ಮಾತ್ರ ಬರುತ್ತದೆ.

ಮಾರ್ಚ್ ೨೭, ಗುರುವಾರ

ಏಳು ದಿನ. ಏಳೇ ಏಳು ದಿನ ನೆಟ್ಟಗಿತ್ತು.

ಸಂಜೆ ಓರಗಿತ್ತಿ ಕಾರು ತಂದು ನಿಲ್ಲಿಸಿದ ಮೇಲೆ ಒರೆಸೋಣವೆಂದು ಹೋದೆ. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ಮೊಳದುದ್ದ ಗೀರು, ಒಳಗಿನ ತಗಡು ಕಾಣುತ್ತಿದೆ. ಮೇಲಿಂದ ಕರೆಸಿದೆ.

"ಇದೇನು?"

"ನಾನೂ ಬೆಳಿಗ್ಗೆನೇ ನೋಡ್ದೆ ಅಕ್ಕ. ನಿಮಗೆ ಗೊತ್ತಿರುತ್ತೆ ಅನ್ಕೊಂಡೆ."

"ಗೊತ್ತಿದ್ರೆ ನಿನ್ನ ಕೇಳ್ತಿದ್ನಾ?"

"ನಾನು ಮಾಡಿದ್ದಲ್ಲ ಅಕ್ಕ."

"ಹಾಗಾದ್ರೆ ಕಾರು ತಾನೇ ಹೋಗಿ ಗೋಡೆಗೆ ಮೈ ಕೆರ್ಕೊಂಡು ಬಂತಾ?"

ಅವಳು ಏನೋ ಹೇಳಲು ಹೊರಟು ನುಂಗಿಕೊಂಡಳು. ತಪ್ಪು ಮಾಡಿದವರು ನುಂಗುವುದೇ ಹಾಗೆ. ಓಣಿಯೊಳಗೆ ತೂರಿಸಿ ತಂದಿದ್ದಾಳೆ, ಒಪ್ಪಿಕೊಳ್ಳಲು ಬಾಯಿಲ್ಲ. ಒಪ್ಪಿಕೊಂಡಿದ್ದರೆ ನಾನೇನು ತಿಂದುಬಿಡುತ್ತಿದ್ದೆನೇ? ಹೊಟ್ಟೆ ಉರಿದದ್ದು ಗೀರಿಗಲ್ಲ, ಸುಳ್ಳಿಗೆ.

ಏಪ್ರಿಲ್ ೭, ಸೋಮವಾರ

ಆ ಬೀಪ್ ನನ್ನ ಪ್ರಾಣ ತಿನ್ನುತ್ತಿದೆ. ಎಡಗಡೆ ಏನೂ ಇರುವುದಿಲ್ಲ, ಆದರೂ ಕೂಗುತ್ತದೆ. ಗೇಟು ದಾಟುವಾಗ ಕೂಗುತ್ತದೆ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕೂಗುತ್ತದೆ, ಸಿಗ್ನಲ್ಲಿನಲ್ಲಿ ನಿಂತರೂ ಕೂಗುತ್ತದೆ. ಅತ್ತೆ ಒಬ್ಬರು ಸಾಲದಾಗಿತ್ತೇ ಮನೆಗೆ.

ಡ್ಯೂಟಿ ಮುಗಿಸಿ ಸರ್ವೀಸಿಗೆ ಒಯ್ದೆ. ಮೆಕ್ಯಾನಿಕ್ ಕಂಪ್ಯೂಟರು ಹಚ್ಚಿ ನೋಡಿದ, ಎಡಕ್ಕೆ ಡಬ್ಬ ಇಟ್ಟು ತೆಗೆದು ನೋಡಿದ.

"ಸರಿಯಾಗೇ ಇದೆ ಮೇಡಂ. ಏನಾದ್ರೂ ಇದ್ರೇ ಕೂಗೋದು."

"ಏನೂ ಇರಲ್ಲಪ್ಪ. ನನಗೇನು ಕಣ್ಣಿಲ್ವಾ?"

"ಹಾಗಲ್ಲ ಮೇಡಂ..."

"ಆಫ್ ಮಾಡು."

ಅವನು ಎರಡು ಸಲ ಕೇಳಿದ. ಎರಡು ಸಲವೂ ಹೌದು ಎಂದೆ. ಹಿಂದಿರುಗುವಾಗ ಕಾರೊಳಗೆ ಎಷ್ಟು ಶಾಂತಿ!

ಮನೆಗೆ ಬಂದರೆ ಇವರು ಸ್ಟೂಲನ್ನು ಮತ್ತೆ ದಾರಿಗೆ ಅಡ್ಡ ಇಟ್ಟಿದ್ದರು. ಎಡಗಾಲಿನ ಮೂಳೆಗೆ ಇದು ಮೂರನೆಯ ಏಟು. ಕೇಳಿದರೆ "ಅದು ಯಾವಾಗ್ಲೂ ಅಲ್ಲೇ ಇರೋದು ಕಣೇ" ಎನ್ನುತ್ತಾರೆ. ಈ ಮನೆಯಲ್ಲಿ ಯಾರೂ ಏನನ್ನೂ ಒಪ್ಪಿಕೊಳ್ಳುವುದಿಲ್ಲ.

ಏಪ್ರಿಲ್ ೧೩, ಭಾನುವಾರ

ಎಡಗಡೆ ಮುಂದಿನ ಚಕ್ರದ ಮುಂದೆ, ಬಂಪರಿನ ಮೂಲೆಯಲ್ಲಿ, ಮುಷ್ಟಿ ಗಾತ್ರದ ತಗ್ಗು. ಅತ್ತೆ ಬಿಸಿಲಿಗೆ ಕೂತವರು ಮೊದಲು ನೋಡಿದ್ದು. ನಿನ್ನೆ ಶನಿವಾರ ಕಾರು ಓರಗಿತ್ತಿಯ ಕೈಯಲ್ಲಿತ್ತು. ಇವತ್ತು ಯಾರೂ ತೆಗೆದಿಲ್ಲ, ಬೆಳಿಗ್ಗೆ ನಾನು ಹತ್ತು ನಿಮಿಷ ಬ್ರೆಡ್ಡಿಗೆ ಹೋಗಿ ಬಂದದ್ದು ಬಿಟ್ಟರೆ. ಹತ್ತು ನಿಮಿಷ ಲೆಕ್ಕಕ್ಕಿಲ್ಲ.

ಮತ್ತೆ ಸಭೆ. ನಾನು ನೇರವಾಗಿ ಹೇಳಿದೆ. ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನೊಮ್ಮೆ ಒಂದು ತಿಂಗಳು ಕಲಿತು ಬರುವ ತನಕ ಇವಳು ಕಾರು ಮುಟ್ಟುವುದು ಬೇಡ. ಮಗುವನ್ನು ಕೂರಿಸಿಕೊಂಡು ಓಡಿಸುವ ಕಾರು ಇದು. ಮೈದುನ ಏಳು ಸೀಟು ಸಿಗದ ಸಿಟ್ಟಿನಲ್ಲಿ ಇದ್ದನೋ ಏನೋ, "ಅತ್ತಿಗೆ ಹೇಳೋದ್ರಲ್ಲೂ ಅರ್ಥ ಇದೆ" ಎಂದುಬಿಟ್ಟ. ಇವರು ಪೇಪರು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿದರು.

ಓರಗಿತ್ತಿ ಗಂಡನ ಮುಖ ನೋಡಿದಳು. ಆಮೇಲೆ ಹೇಳಿದಳು, "ಎರಡೂ ಸಲ ನಾನಲ್ಲ ಅಂತ ಹೇಳಿದೀನಿ. ಇನ್ನೊಂದ್ಸಲ ಹೇಳಲ್ಲ." ಬೀಗದ ಕೈ ತಂದು ಬಟ್ಟಲಿಗೆ ಹಾಕಿ ಮೇಲೆ ಹೋದಳು.

ಗೆದ್ದೆ. ಮನಸ್ಸಿಗೇನೋ ಅಷ್ಟು ಹಿತವಾಗಲಿಲ್ಲ.

ಏಪ್ರಿಲ್ ೧೭, ಗುರುವಾರ

ಅವಳು ಬಸ್ಸಿಗೆ ಹೋಗುತ್ತಿದ್ದಾಳೆ. ಹೆಗಲಿಗೆ ವ್ಯಾಯಾಮ ಮಾಡಿಸುವ ತೂಕದ ಬಟ್ಟುಗಳ ಚೀಲ, ಕೈಯಲ್ಲಿ ಮಡಚುವ ಊರುಗೋಲು. ದೂರದ ಇಬ್ಬರು ರೋಗಿಗಳನ್ನು ಬಿಟ್ಟಳಂತೆ, ಹೊತ್ತಿಗೆ ತಲುಪಲು ಆಗುವುದಿಲ್ಲವೆಂದು. ಅದರಲ್ಲಿ ಒಬ್ಬಾಕೆ ಈಗಷ್ಟೇ ನಿಲ್ಲಲು ಶುರು ಮಾಡಿದ್ದಳು ಎಂದು ಅತ್ತೆ ನನಗೆ ಕೇಳುವ ಹಾಗೆ ಗೋಡೆಗೆ ಹೇಳಿದರು.

ಒಂದು ತಿಂಗಳ ಮಾತು. ಎಲ್ಲ ಅವಳ ಒಳ್ಳೆಯದಕ್ಕೇ.

ಏಪ್ರಿಲ್ ೨೩, ಬುಧವಾರ

ಇವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬಟಾಣಿಯ ಶಾಲೆ ನನ್ನ ದಾರಿಯಲ್ಲೇ. ಸೋಮವಾರ ಕರೆದೆ, "ಬೇಡ ಅಕ್ಕ, ನಡೆದು ಅಭ್ಯಾಸ ಆಗ್ಲಿ" ಎಂದಳು ಓರಗಿತ್ತಿ. ನಿನ್ನೆ ಕರೆದೆ, ಗೆಳತಿಯ ಜೊತೆ ಹೋಗುತ್ತಾಳಂತೆ. ಇವತ್ತು ಮಗುವನ್ನೇ ಕೇಳಿದೆ. ಮಕ್ಕಳಿಗೆ ಮುಚ್ಚಿಡಲು ಬರುತ್ತದೆಯೇ?

"ದೊಡ್ಡಮ್ಮ, ನಿಮ್ಮ ಜೊತೆ ಕಾರಲ್ಲಿ ಹೋಗ್ಬಾರ್ದು ಅಂತ ಅಮ್ಮ ಹೇಳಿದಾಳೆ."

ಮೇಲೆ ಹೋಗಿ ಕೇಳಿದೆ. ಸೇಡು ತೀರಿಸಿಕೊಳ್ಳುವುದಕ್ಕೆ ಮಗು ಬೇಕಾಯಿತೇ ಎಂದೆ. ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಭಾನುವಾರ ಊಟಕ್ಕೆ ಕೂತಾಗ ನಿಮ್ಮ ತಟ್ಟೆ ನೋಡ್ದೆ ಅಕ್ಕ. ಎಡಗಡೆ ಕೆಳಗಿದ್ದ ತರಕಾರಿ ಹಾಗೇ ಬಿಟ್ಟು, ಸ್ವಲ್ಪ ಹಾಕು ಅಂತ ಮತ್ತೆ ಕೇಳಿದ್ರಿ. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ. ನಿಮಗೆ ಕೈ ಮುಗೀತೀನಿ."

ನನ್ನ ಕಣ್ಣು! ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಸಾಸಿವೆಗಿಂತ ಸಾವಿರ ಪಾಲು ಚಿಕ್ಕದನ್ನು ಎಣಿಸುವ ಕಣ್ಣು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು. ಹಾಗೇ ಹೇಳಿದೆ. ಊಟದ ತಟ್ಟೆಯನ್ನೂ ಕಾಯುತ್ತಾರಾ ಯಾರಾದರೂ? ಇನ್ನು ಈ ಮೆಟ್ಟಿಲು ಹತ್ತಿದರೆ ಕೇಳಿ.

ಮೇ ೫, ಸೋಮವಾರ

ಎಡಕ್ಕೆ ತಿರುಗುವಾಗ ಸೈಕಲ್ಲಿನವನೊಬ್ಬ ಎಲ್ಲಿಂದ ಉದುರಿದನೋ, ಬಾನೆಟ್ಟಿನ ಪಕ್ಕದಲ್ಲೇ ಇದ್ದ. ಕಾಲೂರಿ ಬೈದ. ನಾನೂ ಬೈದೆ. ಜನಕ್ಕೆ ರಸ್ತೆಯಲ್ಲಿ ಹೇಗೆ ಹೋಗಬೇಕೆಂಬುದೇ ಮರೆತುಹೋಗಿದೆ, ಈ ತಿಂಗಳಲ್ಲಿ ಇವನು ನಾಲ್ಕನೆಯವನು.



ಮೇ ೧೨, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎಂಟೂಕಾಲು. ಕಾರು ಗೇಟಿನೊಳಗೆ ಬೀದಿಗೆ ಮುಖ ಮಾಡಿ ನಿಂತಿತ್ತು. ಇವರು ಗೇಟು ತೆರೆದು ಒಳಗೆ ಹೋದರು. ಸ್ಟಾರ್ಟ್ ಮಾಡಿದೆ, ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಯಾರೂ ಇಲ್ಲ. ಬಿಟ್ಟೆ. ಓರಗಿತ್ತಿ ಮೆಟ್ಟಿಲಿಂದ ಹುಚ್ಚಿಯ ಹಾಗೆ ಓಡಿಬಂದು ಬಾನೆಟ್ಟಿಗೆ ಅಡ್ಡ ಬಿದ್ದು ಎರಡೂ ಅಂಗೈಯಿಂದ ಬಡಿದಳು. ಬ್ರೇಕು ಒತ್ತಿದೆ. ಅವಳು ಎಡಕ್ಕೆ ಬಗ್ಗಿ ಬಟಾಣಿಯನ್ನು ಎತ್ತಿಕೊಂಡಳು. ಬಂಪರಿಗೂ ಮಗುವಿಗೂ ಒಂದು ಗೇಣು ಇತ್ತಂತೆ.

ನಾನು ಇಳಿದು ಕೂಗಾಡಿದೆ. ಬಟಾಣಿಗೇ ಕೂಗಾಡಿದೆ. ಕಾರಿನ ಮುಂದೆ ಬಚ್ಚಿಟ್ಟುಕೊಂಡು ಆಡುವುದೇ ಎಂದು. ಮಗು ಬೆದರಿ ಅಳತೊಡಗಿತು. ಓರಗಿತ್ತಿ ಅವಳನ್ನು ಒಳಗೆ ಅತ್ತೆಯ ಹತ್ತಿರ ಬಿಟ್ಟು ಬಂದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬಟಾಣಿ ಎಲ್ಲಿದ್ಲು ಅಕ್ಕ?"

"ಎಲ್ಲೋ ಗೇಟಿನ ಕಂಬದ ಹಿಂದೆ ಅಡಗಿ ಕೂತಿದ್ಲು."

"ಅಡಗಿರ್ಲಿಲ್ಲ. ಕಂಬದ ಮುಂದೆ ನಿಂತಿದ್ಲು, ಹಳದಿ ಫ್ರಾಕ್ ಹಾಕ್ಕೊಂಡು. ನಿಮಗೆ ಕೈ ಬೀಸ್ತಿದ್ಲು."

ನಾನು ಕಂಬದ ಕಡೆ ತಿರುಗಿ ನೋಡಿದೆ.

"ಆ ಬೀಪ್ ಯಾಕೆ ಕೂಗ್ಲಿಲ್ಲ?"

"ಆಫ್ ಮಾಡ್ಸಿದೀನಿ. ಸುಮ್‌ಸುಮ್ನೆ ಕೂಗ್ತಿತ್ತು."

 ಅವಳು ನನ್ನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, ಎದುರಿಗೆ ತಾನೂ ಕುಕ್ಕರುಗಾಲಲ್ಲಿ ಕೂತಳು, ರೋಗಿಗಳ ಮುಂದೆ ಕೂರುವ ಹಾಗೆ. "ನನ್ನ ಮೂಗನ್ನೇ ನೋಡಿ. ಕಣ್ಣು ಕದಲಿಸ್ಬೇಡಿ. ಬೆರಳು ಕಂಡಾಗ ಎಷ್ಟು ಅಂತ ಹೇಳಿ."

ಬಲಗಡೆ ಮೇಲೆ ಎರಡು. ಬಲಗಡೆ ಕೆಳಗೆ ಒಂದು. ಎಡಗಡೆ ಮೇಲೆ ಎರಡು. ಎಲ್ಲ ಸರಿಯಾಗಿ ಹೇಳಿದೆ. ಆಮೇಲೆ ಅವಳು ಸುಮ್ಮನೆ ಕೂತೇ ಇದ್ದಳು.

"ಮುಂದಿಂದು ಮಾಡು ಮತ್ತೆ" ಎಂದೆ.

"ಮಾಡ್ತಾನೇ ಇದೀನಿ ಅಕ್ಕ."

ಕಣ್ಣು ಕದಲಿಸಿ ಕೆಳಗೆ ನೋಡಿದೆ. ನನ್ನ ಎಡಮೊಣಕಾಲಿನ ಹತ್ತಿರ ಅವಳ ಮೂರು ಬೆರಳು ಆಡುತ್ತಿದ್ದವು. ಮತ್ತೆ ಮೂಗು ನೋಡಿದೆ, ಬೆರಳು ಇಲ್ಲ. ಕಪ್ಪಿಲ್ಲ, ಮಬ್ಬಿಲ್ಲ, ಏನೋ ಕೊರತೆಯಾಗಿದೆ ಅನ್ನಿಸುವುದೂ ಇಲ್ಲ. ಅಲ್ಲಿ ಏನೂ ಇಲ್ಲವೆಂದೇ ಅನ್ನಿಸುತ್ತದೆ. 

ಮೇ ೧೩, ಮಂಗಳವಾರ

ಇವರ ಜೊತೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆ. ಕಣ್ಣಿನ ವಿಭಾಗದಲ್ಲಿ ಗೊತ್ತಿದ್ದವರೇ. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒಂದೂ ಬಿಡದೆ ಒತ್ತಿದೆನೆಂದು ಧೈರ್ಯವಾಗಿದ್ದೆ. ಹಾಳೆ ಹೊರಬಂತು. ಎರಡು ಕಣ್ಣಿಗೆ ಎರಡು ಚಿತ್ರ, ಎರಡರಲ್ಲೂ ಎಡಗಡೆಯ ಕೆಳಗಿನ ಕಾಲುಭಾಗ ಮಸಿ ಬಳಿದ ಹಾಗೆ ಕಪ್ಪು.

"ಕಣ್ಣು ಚೆನ್ನಾಗೇ ಇದೆ ನಿಮ್ದು" ಎಂದರು ಡಾಕ್ಟರು. "ಕಣ್ಣು ನೋಡಿದ್ದನ್ನ ತಲೆ ತಗೋತಿಲ್ಲ."

ಸ್ಕ್ಯಾನು ಮಾಡಿದರು. ಮಿದುಳಿನ ಹಿಂಬದಿಯಲ್ಲಿ ರಕ್ತ ಸಿಗದೆ ಒಣಗಿದ ಒಂದು ಸಣ್ಣ ಜಾಗ. ಸ್ಟ್ರೋಕು. ಎರಡು ತಿಂಗಳಾದರೂ ಹಳೆಯದು ಎಂದರು. ಆ ಸುಮಾರಿಗೆ ತಲೆನೋವು, ವಾಂತಿ ಏನಾದರೂ ಬಂದಿತ್ತೇ ಎಂದು ಕೇಳಿದರು. ನನಗೆ ಕಾಯಿಲೆಯೇ ಬರುವುದಿಲ್ಲ ಡಾಕ್ಟ್ರೇ ಎಂದೆ. ಮಾತ್ರೆ ಕೊಟ್ಟಿದ್ದಾರೆ, ರಕ್ತದೊತ್ತಡ ಮಿತಿಮೀರಿದೆ. ಕಾರು ಓಡಿಸಕೂಡದು. ಯಾವತ್ತಿನ ತನಕ ಎಂದರೆ ತಲೆಯಾಡಿಸಿದರು.

ಲ್ಯಾಬಿಗೆ ಹೋಗಿ ರಜೆ ಬರೆದುಕೊಟ್ಟೆ. ಮಾರ್ಚಿನಿಂದ ಈಚೆಗೆ ನಾನು ನೋಡಿದ ಸ್ಲೈಡುಗಳನ್ನು ಇನ್ನೊಬ್ಬರು ನೋಡಲಿ ಎಂದು ಹಿರಿಯ ಡಾಕ್ಟರಿಗೆ ನಾನೇ ಹೇಳಿದೆ. ಹೇಳುವಾಗ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು.

ಮನೆಗೆ ಬಂದು ಈ ಡೈರಿಯನ್ನು ಮೊದಲಿಂದ ತಿರುವಿದೆ. ಮಾರ್ಚ್ ಹದಿನಾಲ್ಕು ಸಿಕ್ಕಿತು. ಕಾರು ಬಂದದ್ದು ಇಪ್ಪತ್ತಕ್ಕೆ. ಎಂದರೆ ಈ ಕಾರನ್ನು ನಾನು ಪೂರ್ತಿ ನೋಟದಲ್ಲಿ ಓಡಿಸಿದ್ದು ಶೋರೂಮಿನ ಸುತ್ತ ಒಂದೇ ಒಂದು ಸಲ. ಗುರುವಾರ ಕಂಡ ಗೀರಿನ ಹಿಂದಿನ ದಿನ ಬುಧವಾರ, ನನ್ನ ದಿನ. ಬ್ರೆಡ್ಡಿಗೆ ಹೋದ ಹತ್ತು ನಿಮಿಷದಲ್ಲಿ ಏನು ತಗುಲಿತೋ ನನಗೆ ಈಗಲೂ ಗೊತ್ತಿಲ್ಲ. ಅದು ಮನುಷ್ಯರಾಗಿರಲಿಲ್ಲ ಎಂಬುದೇ ಪುಣ್ಯ.

ಮೇ ೧೫, ಗುರುವಾರ

ಎಲ್ಲರನ್ನೂ ಕೂರಿಸಿ ಹೇಳಿದೆ. ಗೀರೂ ನಾನೇ, ತಗ್ಗೂ ನಾನೇ, ಬೀಪ್ ಆಫ್ ಮಾಡಿಸಿದವಳೂ ನಾನೇ. ಓರಗಿತ್ತಿಯ ಮೇಲೆ ಹೊರಿಸಿದ್ದು ತಪ್ಪು ಎಂದೆ. ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಅದೇ ಒಂದು ಥರ ಆಯಿತು. ಸ್ಟ್ರೋಕು ಎನ್ನುವ ಶಬ್ದ ಕೇಳಿದ್ದೇ ಎಲ್ಲರೂ ಕರಗಿಬಿಟ್ಟರು. ಅತ್ತೆ ನನ್ನ ತಲೆ ನೇವರಿಸಿದರು, ಮದುವೆಯಾದಾಗಿನಿಂದ ಮೊದಲ ಸಲ. ಮೈದುನ "ಹೋಗ್ಲಿ ಬಿಡಿ ಅತ್ತಿಗೆ, ನೀವು ಬೇಕಂತ ಮಾಡಿದ್ದಾ" ಎಂದ. ಇವರ ಕಣ್ಣಲ್ಲಿ ನೀರು.

ಓರಗಿತ್ತಿ ಒಬ್ಬಳು ಹೋಗಲಿ ಬಿಡಿ ಎನ್ನಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಲೋಟ ಎತ್ತಲು ಉಳಿದಳು. ನಾನೇ ಕೇಳಿದೆ, "ನೀನು ಏನೂ ಅನ್ನಲಿಲ್ಲ."

"ನಿಮಗೆ ಕಾಣ್ಲಿಲ್ಲ ಅನ್ನೋದು ಕಾಯಿಲೆ ಅಕ್ಕ. ಅದಕ್ಕೆ ನನಗೆ ಸಿಟ್ಟಿಲ್ಲ, ನಾನು ದಿನಾ ನೋಡೋದೇ ಅದನ್ನ. ನಾನು ಹೇಳಿದ್ದನ್ನ ನೀವು ಕೇಳ್ಲಿಲ್ಲ. ಅದು ಕಾಯಿಲೆ ಅಲ್ಲ."

 ಅವಳು ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಲೇ ಇದ್ದಳು.

"ನಾನೂ ಸಾಚಾ ಅಲ್ಲ. ತಟ್ಟೆ ನೋಡಿದ ದಿನಾನೇ ನನಗೆ ಅನುಮಾನ ಬಂದಿತ್ತು. ಗಟ್ಟಿಯಾಗಿ ಹೇಳಿದ್ರೆ ಸೇಡು ಅಂತೀರಿ ಅಂತ ಹೆದರ್ಕೊಂಡೆ. ಸೇಡು ಅಂದ್ರಿ ಕೂಡ. ನನ್ನ ಮಗಳನ್ನ ಕಾರಿಗೆ ಹತ್ತಿಸ್ಲಿಲ್ಲ, ಅಷ್ಟಕ್ಕೆ ಸಮಾಧಾನ ಮಾಡ್ಕೊಂಡೆ. ಬೀದಿಲಿರೋ ಮಕ್ಕಳನ್ನ ನೆನೆಸ್ಕೊಳ್ಳಲೇ ಇಲ್ಲ. ಇಪ್ಪತ್ತು ದಿನ ನೀವು ಓಡಿಸಿದ್ರಿ, ನಾನು ಮೇಲೆ ನಿಂತು ನೋಡ್ದೆ."

ಅವಳು ಅತ್ತಳು.  ತಪ್ಪಾಯ್ತು ಎಂದೆ. ಕಾರಿಗಲ್ಲ, ನಿನ್ನ ಮಾತು ಕೇಳದೆ ಹೋದದ್ದಕ್ಕೆ ಎಂದೂ ಹೇಳಿದೆ. ಅವಳು ಲೋಟ ತೊಳೆದಿಟ್ಟು ಹೋದಳು.

ಮೇ ೧೯, ಸೋಮವಾರ

ಬೀಪನ್ನು ಮತ್ತೆ ಶುರು ಮಾಡಿಸಲು ಮೈದುನ ರಜೆ ಹಾಕಿ ಕಾರು ಒಯ್ದ. ಫ್ರಿಜ್ಜಿನ ಮೇಲಿನ ಪಟ್ಟಿ ಕಿತ್ತು, ಆರು ದಿನವೂ ಕಾರು ನಿನ್ನದೇ ಎಂದು ಓರಗಿತ್ತಿಗೆ ಹೇಳಿಕಳಿಸಿದೆ. ಅವಳು ಇನ್ನೂ ಬಸ್ಸಿಗೇ ಹೋಗುತ್ತಿದ್ದಾಳೆ. ಸ್ಟೀರಿಂಗ್ ಹಿಡಿದರೆ ಕೈ ಬೆವರುತ್ತದಂತೆ, ಏನಾದರೂ ತಗುಲಿಸಿಬಿಟ್ಟರೆ ಎಂದು. ಹನ್ನೊಂದು ವರ್ಷ ಒಂದು ಕೋಳಿಗೂ ತಗುಲಿಸದೆ ಓಡಿಸಿದವಳು. ಈ ಭಯ ಎಲ್ಲಿಂದ ಬಂತೆಂದು ನನಗೆ ಯಾರೂ ಹೇಳಬೇಕಾಗಿಲ್ಲ.

ಅವಳು ಬಿಟ್ಟ ಇಬ್ಬರು ರೋಗಿಗಳ ಮನೆಗೆ ನಾನೇ ಫೋನು ಮಾಡಿದೆ. ಒಬ್ಬರು ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದಾರೆ. ನಿಲ್ಲಲು ಶುರು ಮಾಡಿದ್ದಾಕೆ ಮತ್ತೆ ಹಾಸಿಗೆ ಹಿಡಿದಿದ್ದಾಳೆ, ಇವಳು ಬಂದರೆ ಸಾಕು ಎಂದಳು ಆಕೆಯ ಮಗಳು. ಓರಗಿತ್ತಿಗೆ ತಿಳಿಸಿದೆ. 

ಮೇ ೨೮, ಬುಧವಾರ

ಇವತ್ತು ನನ್ನನ್ನು ಮತ್ತೆ ತೋರಿಸುವ ದಿನ. ಬಸ್ಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಓರಗಿತ್ತಿ ಇಳಿದು ಬಂದವಳು ಬೀಗದ ಕೈ ತೆಗೆದುಕೊಂಡಳು. "ಬನ್ನಿ ಅಕ್ಕ. ನಿಮ್ಮನ್ನ ಆಸ್ಪತ್ರೆಲಿ ಬಿಟ್ಟು, ಅಲ್ಲಿಂದ ಆ ಹಾಸಿಗೆ ಹಿಡಿದವರನ್ನ ನಿಲ್ಲಿಸೋಕೆ ಹೋಗ್ತೀನಿ." ಮುಖ ಬಿಗಿದಿತ್ತು.

ನಾನು ಪಕ್ಕದ ಸೀಟಿನಲ್ಲಿ ಕೂತೆ. ಅಷ್ಟು ಬಿಗಿಯಾಗಿ ಸ್ಟೀರಿಂಗ್ ಹಿಡಿದವರನ್ನು ನಾನು ನೋಡಿಲ್ಲ. ಗೇಟು ದಾಟುವಾಗ ನಾಲ್ಕು ಸಲ ನಿಲ್ಲಿಸಿದಳು. ನನಗೆ ಹೇಳಿಕೊಡಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿಯೇ ಇವಳ ಕೈಯನ್ನು ಹೀಗೆ ಮಾಡಿದ್ದು.

ಬೀದಿಯ ಕೊನೆಯಲ್ಲಿ ದೊಡ್ಡ ರಸ್ತೆಗೆ ಎಡಕ್ಕೆ ತಿರುಗಬೇಕು. ಮೂಲೆಯಲ್ಲಿ ಒಂದು ಲಾರಿ ನಿಲ್ಲಿಸಿ ಸಾಮಾನು ಇಳಿಸುತ್ತಿದ್ದರು. ಹಿಂದಿನವನು ಹಾರನ್ನು ಬಡಿಯತೊಡಗಿದ. ಅವಳಿಗೆ ಗಾಬರಿಯಾಯಿತು. ಬಲಗಡೆ ಬರುವ ಗಾಡಿಗಳನ್ನೇ ನೋಡುತ್ತ ಕೇಳಿದಳು, "ಅಕ್ಕ, ಎಡಗಡೆ ಯಾರೂ ಇಲ್ಲ ತಾನೇ?"

ನೋಡಿದೆ. ಯಾರೂ ಇರಲಿಲ್ಲ. ಲಾರಿ, ಖಾಲಿ ರಸ್ತೆ, ಬಿಸಿಲು. ಇಲ್ಲ, ಹೋಗು ಎನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನನಗೆ ಅಷ್ಟು ಖಾತ್ರಿಯಿತ್ತು.

"ನನಗೆ ಗೊತ್ತಿಲ್ಲ ಕಣೇ" ಎಂದೆ. "ನೀನೇ ನೋಡು."

ಅವಳು ನನ್ನ ಮುಖ ನೋಡಿದಳು. ಹಿಂದಿನವನು ಹಾರನ್ನು ಬಡಿಯುತ್ತಲೇ ಇದ್ದ. ಅವಳು ಸ್ಟೀರಿಂಗ್ ಮೇಲೆ ಮುಂದಕ್ಕೆ ಬಗ್ಗಿ, ನನ್ನನ್ನು ದಾಟಿ ಎಡಕ್ಕೆ ನೋಡಿ, ಹಾಗೇ ತಡೆದಳು. ನನ್ನ ಕಡೆಯ ಮೂಲೆಯಿಂದ, ಏನೂ ಇಲ್ಲದಲ್ಲಿಂದ, ಮಗುವನ್ನು ಕೂರಿಸಿದ ತಳ್ಳುಗಾಡಿಯೊಂದು ಬಂತು, ಅದರ ಹಿಂದೆ ತಾಯಿ ಬಂದಳು. ಬಾನೆಟ್ಟಿನ ಮುಂದೆ ನಿಧಾನಕ್ಕೆ ದಾಟಿ ಹೋದರು. ಅವರು ಫುಟ್‌ಪಾತು ಹತ್ತುವ ತನಕ ಓರಗಿತ್ತಿ ಕಾದಳು. ಆಮೇಲೆ ಎಡಕ್ಕೆ ತಿರುಗಿಸಿದಳು.